ಮೈಸೂರಿನ ಹೆಬ್ಬಾಳದ ಶೆಡ್ಡಿನಲ್ಲಿ ವಿಮಾನ ಅಪಹರಣ: ಒಂದು ಕಿರುಚಿತ್ರ ಮಾಡಿ ಮುಗಿಸಿದ ಅನುಭವ

ಹೋದ ವಾರ ನಮ್ಮ ಕಿರುಚಿತ್ರಕ್ಕೆ ಸೆನ್ಸಾರ್ ಸರ್ಟಿಫಿಕೇಟ್ ಬಂತು. 38 ನಿಮಿಷದ ಸಿನಿಮಾ. ಮೈಸೂರಿನಿಂದ ಹೊರಟ ವಿಮಾನವೊಂದನ್ನು ಮೂವರು ಅಪಹರಿಸುತ್ತಾರೆ. ಅದು ರಾತ್ರಿಯಿಡೀ ಒಂದು ರನ್‌ವೇ ತುದಿಯಲ್ಲಿ ನಿಂತಿರುತ್ತದೆ. ಬೆಳಕು ಹರಿಯುವ ಮುಂಚೆ ಕಮಾಂಡೊಗಳು ಒಳಗೆ ನುಗ್ಗಿ ಪ್ರಯಾಣಿಕರನ್ನು ಬಿಡಿಸುತ್ತಾರೆ. ಕಥೆ ಇಷ್ಟೇ.

ಚಿತ್ರಕಥೆ ಬರೆಯೋದು ಹೇಗೆ, ಕ್ಯಾಮೆರಾ ಎಲ್ಲಿ ಬಾಡಿಗೆಗೆ ಸಿಗುತ್ತೆ ಅಂತ ಹೇಳಿಕೊಡೋರು ಬೇಕಾದಷ್ಟು ಜನ ಇದ್ದಾರೆ. ಬಂದೂಕು, ಸಮವಸ್ತ್ರ, ಹೊಗೆ, ಮಗು, ಮುಚ್ಚಿದ ಸೆಟ್ಟು ಎಲ್ಲವೂ ಒಂದೇ ಸಿನಿಮಾದಲ್ಲಿ ಬಂದರೆ ಯಾವ ಬಾಗಿಲು ಮೊದಲು ತಟ್ಟಬೇಕು ಅಂತ ಹೇಳೋರು ಮಾತ್ರ ನಮಗೆ ಸಿಗಲಿಲ್ಲ. ಕಮಾಂಡೊ ಕಥೆ ಇಟ್ಟುಕೊಂಡು ಓಡಾಡುತ್ತಿರುವ ಹುಡುಗರು ಈ ಊರಲ್ಲಿ ಇನ್ನೂ ಇದ್ದಾರೆ ಅಂತ ನನಗೆ ಗೊತ್ತು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕಥೆ ಹೇಳಿದಲ್ಲೆಲ್ಲ ಮೊದಲು ಬಂದ ಪ್ರಶ್ನೆ ಒಂದೇ: "ಕಂದಹಾರ್ ಕಥೇನಾ?" 1999ರ ಡಿಸೆಂಬರ್ 24ರಂದು ಕಠ್ಮಂಡುವಿನಿಂದ ದೆಹಲಿಗೆ ಹೊರಟು ಅಪಹರಣವಾದ ಐಸಿ 814 ವಿಮಾನ ನಮ್ಮ ತಲೆಮಾರಿನವರ ತಲೆಯಲ್ಲಿ ಹಾಗೇ ಉಳಿದಿದೆ. ಅಮೃತಸರದಲ್ಲಿ ಇಳಿದ ವಿಮಾನ ಮತ್ತೆ ಹಾರಿ, ಕೊನೆಗೆ ಅಫ್ಘಾನಿಸ್ತಾನದ ಕಂದಹಾರ್ ಸೇರಿತು. ಡಿಸೆಂಬರ್ 31ರಂದು ಮೂವರು ಉಗ್ರರನ್ನು ಬಿಟ್ಟ ಮೇಲೆಯೇ ಒತ್ತೆಯಲ್ಲಿ ಉಳಿದಿದ್ದ ಪ್ರಯಾಣಿಕರು ಮನೆಗೆ ಬಂದದ್ದು. ನನ್ನ ಮನಸ್ಸಿನಲ್ಲಿದ್ದದ್ದು ಅದಕ್ಕಿಂತ ಆರು ವರ್ಷ ಹಿಂದಿನ ಇನ್ನೊಂದು ಅಮೃತಸರ. 1993ರ ಏಪ್ರಿಲ್‌ನಲ್ಲಿ ದೆಹಲಿಯಿಂದ ಶ್ರೀನಗರಕ್ಕೆ ಹೊರಟ ಇಂಡಿಯನ್ ಏರ್‌ಲೈನ್ಸ್ ವಿಮಾನವನ್ನು ಒಬ್ಬನೇ ಒಬ್ಬ ಅಪಹರಿಸಿದ. ಲಾಹೋರ್‌ನಲ್ಲಿ ಇಳಿಯಲು ಬಿಡಲಿಲ್ಲ, ವಿಮಾನ ಅಮೃತಸರಕ್ಕೆ ಬಂತು. ಮಧ್ಯರಾತ್ರಿ ಕಳೆದ ಮೇಲೆ ರಾಷ್ಟ್ರೀಯ ಭದ್ರತಾ ಪಡೆಯ ಕಮಾಂಡೊಗಳು ಒಳನುಗ್ಗಿ ಸುಮಾರು ಐದು ನಿಮಿಷದಲ್ಲಿ ಕೆಲಸ ಮುಗಿಸಿದರು. ಒಳಗಿದ್ದ ಒತ್ತೆಯಾಳುಗಳಲ್ಲಿ ಒಬ್ಬರಿಗೂ ಪ್ರಾಣಾಪಾಯ ಆಗಲಿಲ್ಲ. ಅಶ್ವಮೇಧ ಅಂತ ಆ ಕಾರ್ಯಾಚರಣೆಯ ಹೆಸರು. ಅಷ್ಟು ಚೆನ್ನಾಗಿ ಮುಗಿದ ಕೆಲಸ ಜನರ ನೆನಪಿನಲ್ಲೇ ಇಲ್ಲ ಅನ್ನೋದು ನನ್ನನ್ನು ಕಾಡುತ್ತಿತ್ತು. ಆ ಘಟನೆಯನ್ನೇ ತೆಗೆಯುವ ಶಕ್ತಿ ನಮಗಿರಲಿಲ್ಲ. ಆದರೆ ಆ ಐದು ನಿಮಿಷವನ್ನು ಕತ್ತರಿಸದೆ, ಐದು ನಿಮಿಷವಾಗಿಯೇ ತೋರಿಸಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ.

ಯಾವ ವಿಮಾನ ಅನ್ನೋದೇ ಮೊದಲ ದೊಡ್ಡ ಚರ್ಚೆ. ಮೈಸೂರು ವಿಮಾನ ನಿಲ್ದಾಣ ಇರುವ ಮಂಡಕಳ್ಳಿಯಿಂದ ಹಾರೋದು ಎಟಿಆರ್, ರೆಕ್ಕೆಗೆ ಫ್ಯಾನಿನಂಥ ಎಂಜಿನ್ ಇರುವ ಸಣ್ಣ ವಿಮಾನ. ಸಿನಿಮಾಗಳಲ್ಲಿ ನೋಡುವ ಬೋಯಿಂಗ್ ಅಲ್ಲ. ಕ್ಯಾಮೆರಾದ ಹುಡುಗ "ಅಣ್ಣಾ, ದೊಡ್ಡ ವಿಮಾನ ಇದ್ರೇನೇ ಗತ್ತು" ಅಂದ. ನಾನು ಎಟಿಆರ್‌ಗೇ ಅಂಟಿಕೊಂಡೆ. ಅದರಲ್ಲಿ ಆಚೆ ಎರಡು ಈಚೆ ಎರಡು ಸೀಟು, ಒಳಗಿನ ಅಗಲ ಸುಮಾರು ಎರಡೂವರೆ ಮೀಟರ್, ಎತ್ತರ 1.9 ಮೀಟರ್. ಜನ ಹತ್ತುವ ಬಾಗಿಲು ಬಾಲದ ಕಡೆ, ತುರ್ತು ಕಿಂಡಿಗಳು ಮುಂದುಗಡೆ. ರೆಕ್ಕೆ ತಲೆ ಮೇಲಿರುತ್ತದೆ, ಆದ್ದರಿಂದ ಬೋಯಿಂಗ್‌ನಂತೆ ರೆಕ್ಕೆ ಮೇಲೆ ಹತ್ತಿ ಅಲ್ಲಿನ ಬಾಗಿಲಿಂದ ನುಗ್ಗೋ ಹಾಗಿಲ್ಲ. ಇಬ್ಬರು ಕಮಾಂಡೊಗಳು ಅಕ್ಕಪಕ್ಕ ಓಡೋಕಾಗದ ದಾರಿ. ಈ ಇಕ್ಕಟ್ಟಿನಿಂದಲೇ ನಮ್ಮ ದಾಳಿಯ ದೃಶ್ಯ ಹುಟ್ಟಿತು. ಖರ್ಚೂ ಉಳಿಯಿತು, ಅದನ್ನು ಮುಂದೆ ಹೇಳುತ್ತೇನೆ.

ನಿಜವಾದ ವಿಮಾನ ನಿಲ್ದಾಣದೊಳಗೆ ಚಿತ್ರೀಕರಣ ಮಾಡುವ ಆಸೆ ಇದ್ದವರು ವಿಮಾನ ನಿಲ್ದಾಣ ಪ್ರಾಧಿಕಾರದ ಅನುಮತಿಯ ಜೊತೆಗೆ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋದ ಒಪ್ಪಿಗೆಯನ್ನೂ ಪಡೆಯಬೇಕು. ಅಪಹರಣದ ಕಥೆ, ಕೈಯಲ್ಲಿ ಬಂದೂಕು, ನಮ್ಮ ಜೇಬು ಎಲ್ಲ ಲೆಕ್ಕ ಹಾಕಿ ಆ ದಾರಿ ಬಿಟ್ಟೆವು. ಹೊರಗಿನ ವಿಮಾನವನ್ನು ಬೆಂಗಳೂರಿನ ಇಬ್ಬರು ಹುಡುಗರು ಕಂಪ್ಯೂಟರಿನಲ್ಲಿ ಮಾಡಿಕೊಟ್ಟರು. ಅದಕ್ಕೆ ಹೋದದ್ದು ₹1,40,000. ವಿಮಾನದ ಮೇಲಿನ ಕಂಪನಿ ಹೆಸರು, ಬಣ್ಣ, ಲಾಂಛನ ಎಲ್ಲ ನಾವೇ ಹುಟ್ಟಿಸಿದ್ದು. ಇರುವ ಕಂಪನಿಯ ಗುರುತು ಬಳಸುವ ಯೋಚನೆಯನ್ನೇ ಮಾಡಬೇಡಿ. ಡ್ರೋನ್ ಹಾರಿಸುವ ಆಸೆಯೂ ಇತ್ತು. ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ತೆಗೆದು, ಕೈಗಾರಿಕಾ ಪ್ರದೇಶದ ಸುತ್ತ ಏನೇನಿದೆ ಅಂತ ಯೋಚಿಸಿದ ಮೇಲೆ ಕೈಬಿಟ್ಟೆವು. ಮೇಟಗಳ್ಳಿಯಲ್ಲಿ ನೋಟು ಮುದ್ರಣಾಲಯ ಇರುವ ಊರು ಇದು.

ಇನ್ನು ಸೆಟ್ಟು. ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಖಾಲಿ ಬಿದ್ದಿದ್ದ ಶೆಡ್ಡೊಂದು ₹30,000ಕ್ಕೆ ಸಿಕ್ಕಿತು. ಸೀಟಿಗಾಗಿ ಮಂಡಿ ಮೊಹಲ್ಲಾದ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದೆವು. ಹಳೇ ಎಸಿ ಬಸ್ಸಿನ ಜೋಡಿ ಸೀಟುಗಳು ಎಟಿಆರ್‌ಗೆ ಹೇಳಿ ಮಾಡಿಸಿದಂತಿದ್ದವು. ಹದಿನೈದು ಸಾಲು ಕೂರಿಸಿ ನೀಲಿ ಬಟ್ಟೆ ಹೊದಿಸಿ, ತಲೆಗೆ ಬಿಳಿ ಕವರ್ ಹಾಕಿದಾಗ ನೋಡಿದವರೆಲ್ಲ ವಿಮಾನ ಅಂತಲೇ ನಂಬಿದರು. ಬೋಯಿಂಗ್ ಆಗಿದ್ದರೆ ಮೂರು ಮೂರರ ಸೀಟು, ಇನ್ನೂ ಅಗಲದ ಸೆಟ್ಟು ಬೇಕಿತ್ತು. ಗೋಡೆಯ ಬಾಗುವಿಕೆಗೆ ಕಬ್ಬಿಣದ ಪೈಪು ಬಗ್ಗಿಸಿ ಅದರ ಮೇಲೆ ತೆಳು ಪ್ಲೈವುಡ್ ಕೂರಿಸಿದ್ದು ನಂಜನಗೂಡು ಕಡೆಯ ಮೇಸ್ತ್ರಿಯೊಬ್ಬರು. ಸೆಟ್ಟಿಗೆ ಒಟ್ಟು ₹1,85,000.

ಕೆಲಸ ಶುರುವಾಗುವ ಮುಂಚೆ ಆ ಮೇಸ್ತ್ರಿ ಶೆಡ್ಡಿನ ನಡುವೆ ನಿಂತು ಮೇಲೆ ನೋಡಿದರು, ಬಾಗಿಲು ನೋಡಿದರು. "ಸಾಮಿ, ಒಂದೇ ಬಾಗ್ಲಲ್ಲಿ ನಾನು ಕೆಲ್ಸ ಮಾಡಾಕಿಲ್ಲ. ಪ್ರೀಮಿಯರ್ ಸ್ಟುಡಿಯೋ ಬೆಂಕಿ ನೋಡ್ದೋನು ನಾನು" ಅಂದರು. ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಚಿಕ್ಕವರಿಗಾಗಿ ಹೇಳುತ್ತೇನೆ. 1989ರ ಫೆಬ್ರವರಿ 8ರಂದು ಟಿಪ್ಪು ಸುಲ್ತಾನನ ಕುರಿತ ಟಿವಿ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಆ ಸ್ಟುಡಿಯೋಗೆ ಬೆಂಕಿ ಬಿದ್ದು 62 ಜನ ತೀರಿಕೊಂಡರು. ಸಡಿಲವಾದ ವೈರಿಂಗು, ಗಾಳಿಯಾಡದ ಕಟ್ಟಡ, ಬೇಗ ಹೊತ್ತಿಕೊಳ್ಳುವ ಸಾಮಾನು ಅಂತ ಕಾರಣಗಳು ಕೇಳಿಬಂದವು. ನಮ್ಮದು ಪ್ಲೈವುಡ್ಡಿನ ಕೊಳವೆ, ಒಳಗೆ ಅರವತ್ತು ಜನ, ಮೇಲೆ ದೀಪ, ಜೊತೆಗೆ ಹೊಗೆ. ಮೇಸ್ತ್ರಿ ಮಾತು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಾರನೇ ದಿನವೇ ಅಗ್ನಿಶಾಮಕ ಠಾಣೆಗೆ ಅರ್ಜಿ ಕೊಟ್ಟೆವು. ಸಿಬ್ಬಂದಿ ಬಂದು ನೋಡಿ ಹೇಳಿದ್ದನ್ನು ಹಾಗೇ ಪಾಲಿಸಿದೆವು: ಸೆಟ್ಟಿನ ಎರಡೂ ತುದಿ ತೆರೆದಿರಬೇಕು, ಶೆಡ್ಡಿನ ಹಿಂಬಾಗಿಲ ಬೀಗ ತೆಗೆದಿರಬೇಕು, ಥರ್ಮಾಕೋಲ್ ಒಂದು ತುಂಡೂ ಇರಕೂಡದು. ಬಿಸಿಯಾಗುವ ಹಳೇ ದೀಪ ಬಿಟ್ಟು ಎಲ್ಲ ಎಲ್‌ಇಡಿ ತಂದೆವು. ವಿಮಾನದ ಒಂದು ಪಕ್ಕದ ಗೋಡೆಯನ್ನು ಮೇಸ್ತ್ರಿ ತಿರುಪು ಹಾಕದೆ ಕೊಕ್ಕೆಗಳಲ್ಲಿ ನಿಲ್ಲಿಸಿದರು. ಇಬ್ಬರು ತಳ್ಳಿದರೆ ಇಡೀ ಗೋಡೆ ಹೊರಕ್ಕೆ ಬೀಳುತ್ತದೆ. ಕ್ಯಾಮೆರಾ ಇಡಲಿಕ್ಕೂ ಅದು ಅನುಕೂಲವಾಯಿತು. ಬೆಂಕಿ ನಂದಿಸುವ ಸಿಲಿಂಡರ್ ಪಕ್ಕದಲ್ಲಿ ಒಬ್ಬ ಹುಡುಗನನ್ನು ಬೇರೇನೂ ಕೆಲಸ ಹೇಳದೆ ಕೂರಿಸಿದೆವು. ಅವನ ಕೂಲಿ ದಂಡ ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ.

ಬಂದೂಕಿನ ವಿಷಯಕ್ಕೆ ಬರುತ್ತೇನೆ. ಎಲ್ಲರೂ ತಡಕಾಡುವ ಜಾಗ ಇದೇ. ನಮ್ಮ ಹತ್ತಿರ ಇದ್ದದ್ದೆಲ್ಲ ರೆಸಿನ್ ಎರಕದ ಡಮ್ಮಿ, ಕಮಾಂಡೊಗಳ ಜಾಕೆಟ್ಟು ಹೆಲ್ಮೆಟ್ಟು ಸೇರಿ ಬೆಂಗಳೂರಿನಿಂದ ₹42,000 ಬಾಡಿಗೆಗೆ ತಂದದ್ದು. ಸದ್ದು ಮಾಡುವ ಖಾಲಿ ತೋಟಾ ಬಳಸಲೇ ಇಲ್ಲ. ಗುಂಡಿನ ಕಿಡಿ, ಸದ್ದು ಎಲ್ಲ ಆಮೇಲೆ ಸೇರಿಸಿದ್ದು. ಹಾಗಿದ್ದರೂ ನೋಡುವವರ ಕಣ್ಣಿಗೆ ಅದು ಬಂದೂಕೇ. ಆ ವ್ಯಾಪ್ತಿಯ ಠಾಣೆಗೆ ಪತ್ರ ಕೊಡುವಾಗ ಚಿತ್ರೀಕರಣದ ದಿನ, ಹೊತ್ತು, ವಿಳಾಸ, ಎಷ್ಟು ಜನ ಇರುತ್ತಾರೆ, ಪ್ರತಿಯೊಂದು ಡಮ್ಮಿಯ ಫೋಟೊ, ಬಾಡಿಗೆ ಅಂಗಡಿಯ ರಸೀದಿ, ರಾತ್ರಿಯೂ ಫೋನ್ ಎತ್ತುವ ಒಬ್ಬರ ನಂಬರು ಎಲ್ಲ ಇರಲಿ. ಒಂದು ಪ್ರತಿಯ ಮೇಲೆ ಸ್ವೀಕೃತಿ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳದೆ ಅಲ್ಲಿಂದ ಹೊರಡಬೇಡಿ. ಒಂದು ಕಚೇರಿಯಲ್ಲಿ "ಅಲ್ಲಿ ಕೇಳಿ" ಅಂದರು, ಅಲ್ಲಿ ಹೋದರೆ "ಅವರೇ ಕೊಡ್ಬೇಕು" ಅಂದರು. ಹೀಗೆ ವಾರಗಟ್ಟಲೆ ಕಾದೆವು. ಬೆಂಗಳೂರಿನಿಂದ ಡಮ್ಮಿಗಳನ್ನು ಕಾರಿನಲ್ಲಿ ತರುವಾಗ ಕೊಳವೆ ತುದಿಗೆ ಕಿತ್ತಳೆ ಟೇಪು ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ಮೇಲೆ ಪತ್ರದ ಜೆರಾಕ್ಸ್ ಅಂಟಿಸಿದ್ದೆವು.

ಸಮವಸ್ತ್ರದ ಮಾತೂ ಇದಕ್ಕೇ ಸೇರುತ್ತದೆ. ಸೈನಿಕರ ಉಡುಪನ್ನು ಅವರೇ ಅಂತ ನಂಬಿಸುವಂತೆ ತೊಟ್ಟು ಓಡಾಡುವುದು ಅಪರಾಧ. ಸೇನೆಯನ್ನು ಕುರಿತ ಚಿತ್ರಗಳಿಗೆ ರಕ್ಷಣಾ ಸಚಿವಾಲಯದ ನಿರಾಕ್ಷೇಪಣಾ ಪತ್ರ ಪಡೆಯುವಂತೆ 2020ರಲ್ಲಿ ನಿರ್ಮಾಪಕರಿಗೆ ಹೇಳಲಾಯಿತು. ನಾವು ನಮ್ಮ ಕಮಾಂಡೊಗಳಿಗೆ ಯಾವ ದಳದ ಹೆಸರನ್ನೂ ಇಡಲಿಲ್ಲ. ಕಪ್ಪು ಬಟ್ಟೆ, ಕಪ್ಪು ಬೂಟು, ಲಾಂಛನವಿಲ್ಲದ ಜಾಕೆಟ್ಟು. ಶೆಡ್ಡಿನೊಳಗೆ ಬಂದು ಬಟ್ಟೆ ಬದಲಿಸಿ, ಬಿಚ್ಚಿಟ್ಟೇ ಹೊರಗೆ ಹೋಗಬೇಕು ಅಂತ ನಿಯಮ ಮಾಡಿದ್ದೆವು. ಟೀ ಕುಡಿಯೋಕೆ ರಸ್ತೆ ದಾಟೋದಿದ್ದರೂ ಅಷ್ಟೇ.

ಕಥೆಯಲ್ಲಿ ಎಂಟು ವರ್ಷದ ಹುಡುಗಿ ಇದ್ದಾಳೆ. ಮಕ್ಕಳನ್ನು ನಟನೆಗೆ ಹಾಕಿಕೊಳ್ಳಲು ಚಿತ್ರೀಕರಣ ನಡೆಯುವ ಜಿಲ್ಲೆಯ ದಂಡಾಧಿಕಾರಿಗಳ ಅನುಮತಿ ಬೇಕು ಅನ್ನೋದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ನಮೂನೆ ಸಿ ಅಂತ ಮುಚ್ಚಳಿಕೆ, ತಂದೆ ತಾಯಿಯ ಒಪ್ಪಿಗೆ, ಮಗುವನ್ನು ನೋಡಿಕೊಳ್ಳುವವರ ಹೆಸರು ಕೊಡಬೇಕು. ದಿನಕ್ಕೆ ಐದು ಗಂಟೆ ಮೀರಿ ಕೆಲಸ ಮಾಡಿಸುವಂತಿಲ್ಲ, ಬಿಡುವಿಲ್ಲದೆ ಮೂರು ಗಂಟೆಗಿಂತ ಹೆಚ್ಚು ಕೂರಿಸುವಂತಿಲ್ಲ. ಸಂಭಾವನೆಯಲ್ಲಿ ಕನಿಷ್ಠ ಶೇಕಡಾ 20ನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಲ್ಲಿ ಠೇವಣಿ ಇಡಬೇಕು. ಈ ಅನುಮತಿ ಬರೋವರೆಗೂ ಇಡೀ ವೇಳಾಪಟ್ಟಿಯನ್ನು ಮುಂದಕ್ಕೆ ಹಾಕಿದೆ. ಶೆಡ್ಡಿನ ಬಾಡಿಗೆ ಹೆಚ್ಚು ಬಿತ್ತು. ಆದರೂ ಆ ಮಗುವಿನ ಅಮ್ಮ ಕಾಗದಗಳನ್ನೆಲ್ಲ ಓದಿ, "ಇಷ್ಟು ಮಾಡಿದ್ದೀರಲ್ಲ, ನಾನು ನೆಮ್ಮದಿಯಾಗಿ ಕಳಿಸ್ತೀನಿ ಕಣಪ್ಪ" ಅಂದಾಗ ಕಾದದ್ದಕ್ಕೆ ಬೇಜಾರಾಗಲಿಲ್ಲ.

ದಾಳಿಯ ದೃಶ್ಯ ಕಲಿಸಿಕೊಟ್ಟವರು ಮಂಡ್ಯ ಕಡೆಯ ನಿವೃತ್ತ ಯೋಧರೊಬ್ಬರು. ಹೆಸರು ಹಾಕಬೇಡಿ ಅಂದಿದ್ದಾರೆ. ನಮ್ಮ ಹುಡುಗರು ಸಿನಿಮಾ ನೋಡಿ ಬಂದವರು, ಬಾಗಿಲು ಒದ್ದು ಉರುಳಾಡಿಕೊಂಡು ಬರೋದನ್ನೇ ಅಭ್ಯಾಸ ಮಾಡಿದ್ದರು. ಯೋಧರು ಎಲ್ಲವನ್ನೂ ನಿಲ್ಲಿಸಿದರು. "ಒಳಗೆ ಕಾಲಿಟ್ಟ ತಕ್ಷಣ ಮೊದಲು ಬಾಯಿ ಕೆಲಸ ಮಾಡ್ಬೇಕು. ತಲೆ ತಗ್ಸಿ, ಕೆಳಗೆ ಬಗ್ಗಿ ಅಂತ ಕೂಗ್ಬೇಕು. ಎದ್ದು ನಿಂತೋರು ಯಾರು ಅಂತ ನೋಡೋಕೆ ನಿಮಗೆ ಟೈಮ್ ಇರಲ್ಲ" ಅಂದರು. 1976ರ ಜುಲೈನಲ್ಲಿ ಉಗಾಂಡದ ಎಂಟೆಬೆ ವಿಮಾನ ನಿಲ್ದಾಣದಲ್ಲಿ ಇಸ್ರೇಲಿ ಕಮಾಂಡೊಗಳು ಒಳಗೆ ಬಂದಾಗ ಎದ್ದು ನಿಂತ ಒತ್ತೆಯಾಳೊಬ್ಬ ಕಮಾಂಡೊಗಳ ಗುಂಡಿಗೇ ಸಿಕ್ಕಿ ಸತ್ತಿದ್ದ. ಅಲ್ಲಿ ಒತ್ತೆಯಾಳುಗಳಿದ್ದದ್ದು ನಿಲ್ದಾಣದ ಹಳೇ ಕಟ್ಟಡದಲ್ಲಿ. ನಿಂತ ವಿಮಾನಕ್ಕೇ ನುಗ್ಗಿದ ಕಾರ್ಯಾಚರಣೆಗೆ ನೋಡಬೇಕಾದ್ದು 1977ರ ಅಕ್ಟೋಬರ್ 18ರಂದು ಸೊಮಾಲಿಯಾದ ಮೊಗದಿಶುವಿನಲ್ಲಿ ನಡೆದದ್ದು. ಪಶ್ಚಿಮ ಜರ್ಮನಿಯ ಜಿಎಸ್‌ಜಿ 9 ಕಮಾಂಡೊ ತಂಡ ಲುಫ್ತಾನ್ಸಾ ವಿಮಾನಕ್ಕೆ ಏಣಿ ಹಾಕಿ ಹತ್ತಿತು. ಅಪಹರಣಕಾರರ ಕಣ್ಣನ್ನು ಅತ್ತ ಸೆಳೆಯಲು ವಿಮಾನದ ಮುಂದೆ ಸ್ವಲ್ಪ ದೂರದಲ್ಲಿ ಬೆಂಕಿ ಹೊತ್ತಿಸಲಾಗಿತ್ತು. ಪೈಲಟ್‌ನನ್ನು ಅಪಹರಣಕಾರರು ಮೊದಲೇ ಕೊಂದಿದ್ದರು. ಒಳಗೆ ಉಳಿದಿದ್ದ ಒತ್ತೆಯಾಳುಗಳೆಲ್ಲ ಬದುಕಿ ಬಂದರು. ಮುಂದೆ ಬೆಂಕಿ, ಹಿಂದಿನಿಂದ ಏಣಿ ಅನ್ನುವುದನ್ನು ನಾವು ನಮ್ಮ ಕಥೆಗೆ ತಂದುಕೊಂಡೆವು. ಬೆಂಕಿ ಮಾತ್ರ ಕಿಟಕಿ ಗಾಜಿನ ಮೇಲಿನ ಕಿತ್ತಳೆ ಬೆಳಕಷ್ಟೇ.

ಯೋಧರು ಇನ್ನೊಂದು ಮಾತು ಹೇಳಿದ್ದರು. "ನೀವು ನಮ್ಮನ್ನ ಬಿಡಿ, ಸೀಟಲ್ಲಿ ಕೂತೋರನ್ನ ಸರಿಯಾಗಿ ತೋರ್ಸಿ. ಕಷ್ಟ ಅವರದು." ಆಮೇಲೆ ನಾನು ಚಿತ್ರಕಥೆಯನ್ನೇ ತಿದ್ದಿದೆ. ಕುವೆಂಪುನಗರ, ಸರಸ್ವತಿಪುರಂ ಕಡೆಯ ನಿವೃತ್ತರು, ಹವ್ಯಾಸಿ ರಂಗಭೂಮಿಯವರು, ಕಾಲೇಜು ಮಕ್ಕಳು ಪ್ರಯಾಣಿಕರಾಗಿ ಬಂದಿದ್ದರು. ಮೊದಲ ಗಂಟೆ ಎಲ್ಲ ಹರಟೆ, ಸೆಲ್ಫಿ. ಫೋನುಗಳನ್ನೆಲ್ಲ ಬುಟ್ಟಿಯಲ್ಲಿ ತೆಗೆದುಕೊಂಡು, ದೀಪ ಕಡಿಮೆ ಮಾಡಿ, ಫ್ಯಾನ್ ನಿಲ್ಲಿಸಿ, ಏನೂ ಹೇಳದೆ ಕ್ಯಾಮೆರಾ ಓಡಿಸಿದೆವು. ಅರ್ಧ ಗಂಟೆಯಲ್ಲಿ ಮಾತು ನಿಂತಿತು. ಏಳನೇ ಸಾಲಿನಲ್ಲಿದ್ದ ನಿವೃತ್ತ ಮೇಷ್ಟ್ರೊಬ್ಬರು ಸೀಟ್ ಬೆಲ್ಟಿನ ತುದಿಯನ್ನು ತೋರುಬೆರಳಿಗೆ ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು, ಮತ್ತೆ ಸುತ್ತುತ್ತಿದ್ದರು. ಬೆರಳ ತುದಿ ಬಿಳಿಚಿಕೊಳ್ಳುವಷ್ಟು ಬಿಗಿಯಾಗಿ. ಪಕ್ಕದ ಸೀಟಿನ ಹೆಂಗಸು ಅದನ್ನೇ ನೋಡುತ್ತಾ ಕೂತು, ಕೊನೆಗೆ ತಮ್ಮ ಕೈಯನ್ನು ಅವರ ಕೈ ಮೇಲಿಟ್ಟರು. ಅವರಿಬ್ಬರಿಗೆ ಪರಿಚಯವೇ ಇರಲಿಲ್ಲ. ನಾನು ಬರೆದ ಯಾವ ಸಂಭಾಷಣೆಗೂ ಅಷ್ಟು ಬಲ ಇರಲಿಲ್ಲ. ಎಡಿಟಿಂಗಿನಲ್ಲಿ ಎರಡು ಸಂಭಾಷಣೆ ತೆಗೆದು ಆ ಶಾಟನ್ನು ಪೂರ್ತಿ ಇಟ್ಟೆವು.

ಪ್ರಯಾಣಿಕರ ಪಾತ್ರಕ್ಕೆ ವಯಸ್ಸಾದವರನ್ನು ಕರೆಯುವವರು ಬಿಪಿ, ಶುಗರ್ ಇದೆಯಾ ಅಂತ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಹೊಗೆ ಬಿಡುವ ಮುಂಚೆ ಉಬ್ಬಸ ಇರುವವರನ್ನು ಹೊರಗೆ ಕಳಿಸಿ. ಊಟ ಹೊತ್ತಿಗೆ ಸರಿಯಾಗಿ ಬರಲಿ. ಊಟ, ತಿಂಡಿ, ಕಾಫಿಗೇ ನಮಗೆ ₹55,000 ಆಯಿತು. ಅದರಲ್ಲಿ ಕಡಿತ ಮಾಡಲು ಹೋಗಬೇಡಿ.

ದಾಳಿ ತೆಗೆದ ರಾತ್ರಿ ಎದುರಾದದ್ದು ನಾವು ಎಣಿಸಿರದ ತೊಡಕು. ಅಕ್ಕಪಕ್ಕದ ಕಾರ್ಖಾನೆಗಳ ಕಾವಲುಗಾರರಿಗೆಲ್ಲ ಹೇಳಿದ್ದೆವು. ರಾತ್ರಿ ಪಾಳಿ ಮುಗಿಸಿ ಆ ದಾರಿಯಲ್ಲಿ ಹೋಗುತ್ತಿದ್ದ ಯಾರೋ ಒಳಗಿನ ಕಿರುಚಾಟ ಕೇಳಿ 112ಕ್ಕೆ ಫೋನ್ ಮಾಡಿದರು. ಮಾಡಿದ್ದು ಸರಿಯೇ, ನಾನಾಗಿದ್ದರೂ ಮಾಡುತ್ತಿದ್ದೆ. ಪೊಲೀಸ್ ಗಾಡಿ ಬಂದು ನಿಂತಾಗ ಮುಸುಕು ಹಾಕಿದ್ದ ಅಪಹರಣಕಾರ ಬಾಗಿಲಲ್ಲೇ ನೀರು ಕುಡಿಯುತ್ತಿದ್ದ. ನಾನು ಎರಡೂ ಕೈ ಕಾಣುವಂತೆ ಹಿಡಿದು ಮುಂದೆ ಹೋದೆ. ಎದೆ ಡವಡವ ಅನ್ನುತ್ತಿತ್ತು. ಅಧಿಕಾರಿ ಒಂದು ಡಮ್ಮಿ ಎತ್ತಿ ತೂಕ ನೋಡಿದರು, ಉಗುರಿನಿಂದ ತಟ್ಟಿ ನೋಡಿದರು. ಪತ್ರದ ಸೀಲು, ತಾರೀಖು, ಫೋಟೊಗಳನ್ನು ಒಂದೊಂದಾಗಿ ಹೋಲಿಸಿದರು. ಠಾಣೆಗೆ ಫೋನ್ ಮಾಡಿ ಖಾತ್ರಿ ಮಾಡಿಕೊಂಡರು. "ಪೇಪರ್ ಕರೆಕ್ಟಾಗಿದೆ. ಗೇಟಿಗೆ ಶೂಟಿಂಗ್ ನಡೀತಿದೆ ಅಂತ ದೊಡ್ಡದಾಗಿ ಬೋರ್ಡ್ ಹಾಕ್ರಿ, ಒಬ್ಬರನ್ನ ನಿಲ್ಲಿಸ್ರಿ" ಅಂದು ಹೊರಟರು. ಆ ಸೀಲು ಇಲ್ಲದಿದ್ದರೆ ಅವತ್ತಿನ ಚಿತ್ರೀಕರಣ ಅಲ್ಲಿಗೇ ಮುಗಿಯುತ್ತಿತ್ತು.

ಆಮೇಲೆ ತೆಗೆದ ಟೇಕೇ ಸಿನಿಮಾದಲ್ಲಿರೋದು. ಮುಂಗಿಂಡಿಯಿಂದ ಇಬ್ಬರು, ಹಿಂಬಾಗಿಲಿಂದ ನಾಲ್ವರು. ಎಲ್ಲರ ಬಾಯಲ್ಲೂ ಒಂದೇ ಕೂಗು. ಐದು ನಿಮಿಷ ಹನ್ನೊಂದು ಸೆಕೆಂಡು, ಒಂದೇ ಶಾಟು. ಕಟ್ ಅಂದ ಮೇಲೂ ಬಗ್ಗಿದ ತಲೆಗಳು ಸ್ವಲ್ಪ ಹೊತ್ತು ಮೇಲೇಳಲಿಲ್ಲ. ಎಂಟು ವರ್ಷದ ಹುಡುಗಿ ಆ ದೃಶ್ಯದಲ್ಲಿ ಇರಲಿಲ್ಲ. ಅವಳ ಭಾಗವನ್ನು ಹಗಲಲ್ಲೇ ಮುಗಿಸಿ ಕಳಿಸಿದ್ದೆವು.

ಕ್ಯಾಮೆರಾ, ದೀಪಕ್ಕೆ ₹1,10,000, ಧ್ವನಿ ಮತ್ತು ಸಂಗೀತಕ್ಕೆ ₹70,000, ಸಂಭಾವನೆ, ಓಡಾಟ, ಕಾಗದಪತ್ರ ಎಲ್ಲ ಸೇರಿ ಖರ್ಚು ಏಳು ಲಕ್ಷದ ಹತ್ತಿರ ಬಂತು. ಗೆಳೆಯರು ಹಾಕಿದ ದುಡ್ಡು, ನನ್ನ ಉಳಿತಾಯ.

ಯೂಟ್ಯೂಬಿಗೆ ಮಾತ್ರ ಹಾಕುವವರಿಗೆ ಸೆನ್ಸಾರ್ ಸರ್ಟಿಫಿಕೇಟ್ ಬೇಕಿಲ್ಲ. ನಮಗೆ ಥಿಯೇಟರಿನಲ್ಲಿ ಟಿಕೆಟ್ ಇಟ್ಟು ತೋರಿಸುವ ಆಸೆ, ಅದಕ್ಕೆ ಬೇಕೇ ಬೇಕು. ಅರ್ಜಿ ಇ-ಸಿನೆಪ್ರಮಾಣ್ ಪೋರ್ಟಲ್‌ನಲ್ಲಿ, ನೋಡುವುದು ಬೆಂಗಳೂರು ಪ್ರಾದೇಶಿಕ ಕಚೇರಿ. ಕೊಡುವ ಚಿತ್ರಕಥೆ ಎಡಿಟಿಂಗ್ ಮುಗಿದ ಸಿನಿಮಾದ ಮಾತುಗಳಿಗೆ ಪದ ಪದ ಹೊಂದಬೇಕು, ಶೂಟಿಂಗಿಗೆ ಮುಂಚಿನ ಕರಡು ನಡೆಯದು. ಬಾಡಿಗೆ ಹಾಲ್‌ನಲ್ಲಿ ಕೂತು ನಾನೂ ಎಡಿಟರ್ ಹುಡುಗಿಯೂ ಪ್ರತಿ ಕೂಗನ್ನೂ ಬರೆದುಕೊಂಡೆವು. ಪೈಲಟ್‌ನ ಕೈಯಲ್ಲಿ ಸಿಗರೇಟು ಇದ್ದರೆ ಚೆನ್ನ ಅಂತ ಯಾರೋ ಅಂದಿದ್ದರು. ಹಾಗೆ ಮಾಡಿದ್ದರೆ ಆರೋಗ್ಯ ಎಚ್ಚರಿಕೆಯ ತುಣುಕು, ಪರದೆ ಕೆಳಗಿನ ಬರಹ ಎಲ್ಲ ಸೇರಿಸಬೇಕಿತ್ತು.

ಸೆನ್ಸಾರ್‌ಗಾಗಿ ನೋಡಿದವರು ಒಂದು ಬೈಗುಳದ ಸದ್ದು ತೆಗೆಯಲು, ಮಗುವಿನ ತಲೆಗೆ ಬಂದೂಕು ಹಿಡಿದ ಶಾಟನ್ನು ಅರ್ಧಕ್ಕೆ ಇಳಿಸಲು, ಕಥೆ ಕಾಲ್ಪನಿಕ ಅನ್ನುವ ಸೂಚನೆಯನ್ನು ಓದಿ ಹೇಳಲು ತಿಳಿಸಿದರು. ಅಪಹರಣಕಾರರು ಯಾವ ಧರ್ಮ, ಯಾವ ಊರು ಅನ್ನೋದಕ್ಕೆ ನಾವು ಮೊದಲಿಂದಲೂ ಗುರುತು ಕೊಟ್ಟಿರಲಿಲ್ಲ, ಆ ಬಗ್ಗೆ ಪ್ರಶ್ನೆ ಬರಲಿಲ್ಲ. ಮಗುವಿನ ಶಾಟಿಗಾಗಿ ವಾದ ಮಾಡಬೇಕು ಅಂತ ಹೋಗಿದ್ದೆ. ಕತ್ತರಿಸಿದ್ದನ್ನು ನೋಡಿದ ಮೇಲೆ ವಾದ ಬೇಡವಾಯಿತು, ಭಯ ಅಷ್ಟರಲ್ಲೇ ಮುಟ್ಟುತ್ತದೆ. 2023ರ ತಿದ್ದುಪಡಿಯ ನಂತರ ಯುಎ, ಅಂದರೆ ಮಕ್ಕಳು ಪೋಷಕರ ಮಾರ್ಗದರ್ಶನದಲ್ಲಿ ನೋಡಬಹುದಾದ ಚಿತ್ರಗಳ ವರ್ಗದ ಒಳಗೇ 7, 13, 16 ಅಂತ ಮೂರು ವಯಸ್ಸಿನ ಮಟ್ಟ ಇದೆ. ನಾವು 13 ಸಿಗಬಹುದು ಅಂದುಕೊಂಡಿದ್ದೆವು, ಕೊಟ್ಟದ್ದು ಯುಎ 16+. ಕಾಲೇಜುಗಳಲ್ಲಿ ತೋರಿಸೋಕೆ ಅಡ್ಡಿಯಿಲ್ಲ, ಹೈಸ್ಕೂಲು ಮಕ್ಕಳಿಗೆ ತೋರಿಸೋಕೆ ಪೋಷಕರ ಜೊತೆ ಮಾತಾಡಬೇಕು.

ಈಗ ಥಿಯೇಟರಿನವರ ಜೊತೆ ಬೆಳಗಿನ ಆಟಕ್ಕೆ ಮಾತು ನಡೆದಿದೆ. ಠಾಣೆಗೆ ಕೊಟ್ಟ ಪತ್ರ, ಮಗುವಿನ ಅನುಮತಿಗೆ ಹಾಕಿದ ಅರ್ಜಿ, ಪ್ರಯಾಣಿಕರಿಂದ ಬರೆಸಿಕೊಂಡ ಒಪ್ಪಿಗೆ ಪತ್ರ, ಈ ಮೂರರ ನಕಲನ್ನು ಹೆಸರು ವಿಳಾಸ ಅಳಿಸಿ ಇಟ್ಟಿದ್ದೇನೆ. ಬೇಕಾದವರು ಕೇಳಿ, ಕಳಿಸುತ್ತೇನೆ. ವಿಮಾನದ ಸೀಟುಗಳೂ ಶೆಡ್ಡಿನಲ್ಲೇ ಇವೆ. ಯಾರಾದರೂ ವಿಮಾನದ ದೃಶ್ಯ ತೆಗೆಯುವವರಿದ್ದರೆ ಸಾಗಣೆ ಖರ್ಚು ಕೊಟ್ಟು ಒಯ್ಯಬಹುದು, ಮೇಸ್ತ್ರಿಯನ್ನೂ ಪರಿಚಯ ಮಾಡಿಸುತ್ತೇನೆ.